ಪಾಚಿಯಿಂದ ಇಂಧನ: ಆಸೆ ಎಷ್ಟು, ಅಡ್ಡಿ ಎಷ್ಟು?

ಬಾವಿಕಟ್ಟೆಯ ಮೇಲೆ, ಕೆರೆಯ ನೀರಿನಲ್ಲಿ ಹರಡಿದ ಹಸಿರು ಪಾಚಿಯನ್ನು ನೀವು ನೋಡಿಯೇ ಇರುತ್ತೀರಿ. ಕಾಲು ಜಾರೀತೆಂದು ಉಜ್ಜಿ ತೆಗೆದೂ ಇರುತ್ತೀರಿ. ಈ ಪಾಚಿಯ ಕೆಲವು ಜಾತಿಗಳು ತಮ್ಮೊಳಗೆ ಎಣ್ಣೆ ಕೂಡಿಡುತ್ತವೆ ಎಂಬುದು ನಿಮಗೆ ಗೊತ್ತೇ? ಆ ಎಣ್ಣೆಯಿಂದ ವಾಹನವನ್ನೂ ಓಡಿಸಬಹುದು.

ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಈ ಪಾಚಿಗಳು ಬಿಸಿಲು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಒಂದೇ ದಿನದಲ್ಲಿ ದುಪ್ಪಟ್ಟಾಗುತ್ತವೆ. ಇವಕ್ಕೆ ಫಲವತ್ತಾದ ಹೊಲ ಬೇಡ. ಬಂಜರು ನೆಲದಲ್ಲಿ ತೋಡಿದ ಕೊಳದಲ್ಲಿ, ಕೆಲವು ಜಾತಿಗಳನ್ನು ಉಪ್ಪುನೀರಿನಲ್ಲೂ ಬೆಳೆಸಬಹುದು. ಹಾಗಾಗಿ ಉಣ್ಣುವ ಅನ್ನಕ್ಕೂ ಗಾಡಿಯ ಇಂಧನಕ್ಕೂ ಪೈಪೋಟಿಯಿಲ್ಲ. ಪಾಚಿಯ ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದೊಂದಿಗೆ ಸಂಸ್ಕರಿಸಿದರೆ ಬಯೋಡೀಸೆಲ್ ಸಿಗುತ್ತದೆ. 2009ರ ಜನವರಿಯಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಚಿ ಮತ್ತು ಜಟ್ರೋಫಾ ಎಣ್ಣೆಯ ಇಂಧನ ಬೆರೆಸಿ ವಿಮಾನವೊಂದನ್ನು ಪರೀಕ್ಷಾರ್ಥವಾಗಿ ಹಾರಿಸಲಾಯಿತು.

ಹಾಗಾದರೆ ನಮ್ಮ ಪೆಟ್ರೋಲ್ ಬಂಕ್‌ಗಳಲ್ಲಿ ಇದು ಏಕೆ ಸಿಗುತ್ತಿಲ್ಲ?

ಅಮೆರಿಕ ಸರಕಾರ 1978ರಿಂದ 1996ರವರೆಗೆ ಈ ಕುರಿತು ಸಂಶೋಧನೆ ನಡೆಸಿತು. 3,000ಕ್ಕೂ ಹೆಚ್ಚು ಬಗೆಯ ಪಾಚಿಗಳನ್ನು ಸಂಗ್ರಹಿಸಿತು. ನ್ಯೂ ಮೆಕ್ಸಿಕೊದ ರೋಸ್‌ವೆಲ್‌ನಲ್ಲಿ ದೊಡ್ಡ ಕೊಳಗಳನ್ನು ಕಟ್ಟಿತು. ಆಗ ಒಂದು ತೊಡಕು ಸ್ಪಷ್ಟವಾಯಿತು. ಸಾರಜನಕ ಕೊಡದೆ ಹಸಿವಿನಲ್ಲಿಟ್ಟರೆ ಪಾಚಿ ಎಣ್ಣೆಯನ್ನು ಹೆಚ್ಚು ಕೂಡಿಡುತ್ತದೆ, ಆದರೆ ಬೆಳವಣಿಗೆ ಕುಂಠಿತವಾಗುತ್ತದೆ. ಹೊಟ್ಟೆ ತುಂಬ ಕೊಟ್ಟರೆ ಚೆನ್ನಾಗಿ ಬೆಳೆಯುತ್ತದೆ, ಎಣ್ಣೆ ಕಡಿಮೆ!

ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಸಿಗುವ ಪಾಚಿ ಸಾಮಾನ್ಯವಾಗಿ ಒಂದು ಗ್ರಾಮ್‌ಗಿಂತಲೂ ಕಡಿಮೆ. ಅದನ್ನು ಸೋಸಿ, ಒಣಗಿಸಿ, ಎಣ್ಣೆ ತೆಗೆಯಲು ತುಂಬಾ ಶಕ್ತಿ ವ್ಯಯವಾಗುತ್ತದೆ. ತೆರೆದ ಕೊಳಕ್ಕೆ ಬೇರೆ ಪಾಚಿಗಳೂ ಪಾಚಿ ತಿನ್ನುವ ಸೂಕ್ಷ್ಮಜೀವಿಗಳೂ ನುಗ್ಗುತ್ತವೆ. ಮುಚ್ಚಿದ ಕೊಳವೆಗಳಲ್ಲಿ ಬೆಳೆಸೋಣವೆಂದರೆ ವೆಚ್ಚ ಏರುತ್ತದೆ. ಸಾರಜನಕ, ರಂಜಕದ ಗೊಬ್ಬರವೂ ಬೇಕು. ಗೊಬ್ಬರದ ತಯಾರಿಕೆಗೂ ಇಂಧನ ಬೇಕಲ್ಲವೇ?

2008ರಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದಾಗ ಆಸೆ ಮತ್ತೆ ಚಿಗುರಿತು. 2009ರಲ್ಲಿ ಎಕ್ಸಾನ್‌ಮೊಬಿಲ್ ಕಂಪೆನಿ 60 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಘೋಷಿಸಿತು. 2023ರ ಹೊತ್ತಿಗೆ ಅದೂ ಹಿಂದೆ ಸರಿದಿತ್ತು. ಹಲವು ಕಂಪೆನಿಗಳು ಇಂಧನ ಬಿಟ್ಟು, ಹೆಚ್ಚು ಬೆಲೆ ಸಿಗುವ ಪೌಷ್ಟಿಕ ಆಹಾರ ಮತ್ತು ಸೌಂದರ್ಯವರ್ಧಕಗಳತ್ತ ಹೊರಳಿದವು.

ಹಾಗೆಂದು ಸಂಶೋಧನೆ ನಿಂತಿಲ್ಲ. ಚರಂಡಿಯ ಕೊಳೆನೀರಿನಲ್ಲಿ ಪಾಚಿ ಬೆಳೆಸಿದರೆ ನೀರೂ ಶುದ್ಧವಾಗುತ್ತದೆ, ಗೊಬ್ಬರದ ಖರ್ಚೂ ಉಳಿಯುತ್ತದೆ. ಆದರೆ "ನಾಳೆ ಪಾಚಿಯ ಇಂಧನ ಬಂದೇ ಬರುತ್ತದೆ" ಎಂಬ ಭರವಸೆಯಲ್ಲಿ ಇಂದು ದುಂದು ಮಾಡಬೇಡಿ. ಸದ್ಯಕ್ಕೆ ನೀವು ಉಳಿಸಿದ ಒಂದು ಲೀಟರ್ ಇಂಧನವೇ ಎಲ್ಲಕ್ಕಿಂತ ಅಗ್ಗದ ಇಂಧನ.