ಈ ವರ್ಷ ನೋಡಿದ ನಾಲ್ಕು ಸಿನಿಮಾ, ಮತ್ತು ಆ ಇನ್ನೂರು ರೂಪಾಯಿ ಲೆಕ್ಕ

ಅಕ್ಟೋಬರ್ ಮೊದಲ ಭಾನುವಾರ ಅಪ್ಪ, ಅಮ್ಮ, ತಂಗಿ, ನಾನು ನಾಲ್ವರೂ ಹೆಬ್ಬಾಳದ ಆಚೆಯ ಒಂದು ಮಾಲ್‌ನಲ್ಲಿ ‘ಕಾಂತಾರ: ಅಧ್ಯಾಯ 1’ ನೋಡಿದ್ವಿ. ಟಿಕೆಟ್‌ಗೇ ಸಾವಿರದ ಒಂಬೈನೂರು ಚಿಲ್ಲರೆ ಆಯ್ತು. ಇಂಟರ್ವೆಲ್‌ನಲ್ಲಿ ಪಾಪ್‌ಕಾರ್ನ್ ರೇಟು ನೋಡಿದ ಅಮ್ಮ, ಬ್ಯಾಗಿನಿಂದ ಕೋಡುಬಳೆ ತೆಗೆದು ಕತ್ತಲಲ್ಲೇ ಹಂಚಿದ್ರು. ಆರ್.ಟಿ. ನಗರಕ್ಕೆ ವಾಪಸ್ ಬರುವಾಗ ಕಾರಲ್ಲಿ ಅಮ್ಮ ಹೇಳಿದ್ದು: “ಚೆನ್ನಾಗಿತ್ತು ಕಣೋ. ಇನ್ನು ಯುಗಾದಿವರೆಗೂ ಸಿನಿಮಾ ಅಂತ ಕರೀಬೇಡ.”

ಆ ಒಂದು ಮಾತಿನ ಸುತ್ತ ಈ ಲೇಖನ.

2025ರಲ್ಲಿ ನಾನು ಥಿಯೇಟರ್‌ನಲ್ಲಿ ನೋಡಿದ ಕನ್ನಡ ಸಿನಿಮಾಗಳಲ್ಲಿ ನಾಲ್ಕು ತಲೆಯಲ್ಲಿ ಉಳಿದಿವೆ. ಮೊದಲನೆಯದು ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಬರ್ತಾನೆ. ಅಷ್ಟೇ ಕಥೆ. ಹುಡುಗ ಅತೀಶ್ ಶೆಟ್ಟಿ ಅಳೋದಕ್ಕಿಂತ ಅಳದೇ ಇರೋದೇ ಹೆಚ್ಚು. ದೊಡ್ಡವರು ಸಮಾಧಾನ ಹೇಳೋಕೆ ಬಂದಾಗ ಅವನ ಮುಖದಲ್ಲಿ ಬರೋ ಒಂದು ಬಗೆಯ ಬೇಸರ ಇದೆಯಲ್ಲ, ಸಾವಿನ ಮನೆ ಕಂಡ ಯಾರಿಗಾದರೂ ಅದು ಗೊತ್ತು. ನನ್ನ ಪ್ರಕಾರ ವರ್ಷದ ಅತ್ಯುತ್ತಮ ಕನ್ನಡ ಸಿನಿಮಾ ಇದು. ನಾನು ನೋಡಿದಾಗ ಹಾಲ್‌ನಲ್ಲಿ ಹದಿನಾಲ್ಕು ಜನ ಇದ್ದೆವು. ಮುಂದಿನ ವಾರ ಗೆಳೆಯನೊಬ್ಬನಿಗೆ ನೋಡು ಅಂದೆ. ಯಲಹಂಕದಿಂದ ಹೊರಟವನಿಗೆ ಸಿಕ್ಕ ಶೋ ಊರಿನ ಇನ್ನೊಂದು ತುದಿಯಲ್ಲಿ, ಅದೂ ಕೆಲಸದ ದಿನ ಬೆಳಗ್ಗೆ. ಅವನು ನೋಡಲಿಲ್ಲ.

‘ಮಿಥ್ಯ’ ಬಿಡುಗಡೆಯಾಗಿದ್ದು ಮಾರ್ಚ್ 7ರಂದು. ಅದೇ ದಿನ ವಿಧಾನಸೌಧದಲ್ಲಿ ಸಿದ್ದರಾಮಯ್ಯ ಬಜೆಟ್ ಮಂಡಿಸುತ್ತಾ, ಮಲ್ಟಿಪ್ಲೆಕ್ಸ್ ಸೇರಿ ಎಲ್ಲ ಚಿತ್ರಮಂದಿರಗಳಲ್ಲೂ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕ್ತೀವಿ ಅಂದರು. ಕಾಕತಾಳೀಯ ನಿಜ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕೆಲವು ವಿಷಯ ಅರ್ಥವಾಗುತ್ತೆ.

ಮೊದಲು ಕಾನೂನಿನ ಕಥೆ. ಇದು ಹೊಸ ಯೋಚನೆಯೇನಲ್ಲ, 2017ರ ಬಜೆಟ್‌ನಲ್ಲೂ ಇದೇ ಮಿತಿ ಘೋಷಣೆಯಾಗಿ ಕೊನೆಗೆ ಕೈತಪ್ಪಿತ್ತು. ಈ ಸಲ ಜುಲೈನಲ್ಲಿ ಕರಡು ಬಂತು, ಸೆಪ್ಟೆಂಬರ್ 12ಕ್ಕೆ ಅಂತಿಮ ಅಧಿಸೂಚನೆ. ತೆರಿಗೆ ಬಿಟ್ಟು 200. ಅದಕ್ಕೆ 18% ಜಿಎಸ್‌ಟಿ ಸೇರಿದರೆ 236. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಹಾಲ್‌ಗಳಿಗೆ ವಿನಾಯಿತಿ. ಮಲ್ಟಿಪ್ಲೆಕ್ಸ್ ಸಂಘ ಹೈಕೋರ್ಟಿಗೆ ಹೋಯ್ತು. ಅರ್ಜಿದಾರರಲ್ಲಿ ‘ಕಾಂತಾರ’ ನಿರ್ಮಿಸಿದ ಹೊಂಬಾಳೆ ಫಿಲ್ಮ್ಸ್ ಕೂಡ ಇತ್ತು. ಸೆಪ್ಟೆಂಬರ್ 23ಕ್ಕೆ ತಡೆಯಾಜ್ಞೆ. ವಾರದ ನಂತರ ವಿಭಾಗೀಯ ಪೀಠ, ಮಾರಿದ ಪ್ರತಿ ಟಿಕೆಟ್‌ನ ಲೆಕ್ಕ ಇಡಿ, ಸರ್ಕಾರ ಗೆದ್ದರೆ ಹೆಚ್ಚುವರಿ ಹಣ ವಾಪಸ್ ಮಾಡಬೇಕಾಗಬಹುದು ಅಂತ ಷರತ್ತು ಹಾಕಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ಅಂದ್ರೆ ನಮ್ಮ ಸಾವಿರದ ಒಂಬೈನೂರು ಹೋದದ್ದು ಹೋಯ್ತು ಅಂದ್ಕೊಳ್ಳೋದೇ ವಾಸಿ.

ಈಗ ಸಿನಿಮಾಗೆ ಬರೋಣ. ‘ಕಾಂತಾರ’ಕ್ಕೆ ಅಷ್ಟು ಕೊಡಬಹುದಾ? ಕಣ್ಣಿಗೆ ಮೋಸ ಇಲ್ಲ. ಯುದ್ಧದ ದೃಶ್ಯಗಳು, ಅಜನೀಶ್ ಲೋಕನಾಥ್ ಸಂಗೀತ, ರುಕ್ಮಿಣಿ ವಸಂತ್ ಮಾಡಿದ ಕನಕವತಿ, ಎಲ್ಲ ದೊಡ್ಡ ಪರದೆಯನ್ನೇ ಕೇಳ್ತವೆ. ಆದರೆ 2022ರ ಸಿನಿಮಾದಲ್ಲಿ ಶಿವನ ಊರಿನವರಿಗೆ ಒಬ್ಬೊಬ್ಬರಿಗೂ ಒಂದೊಂದು ಗುಣ ಇತ್ತು, ಜಮೀನಿನ ಪಟ್ಟಾ ಅನ್ನೋದು ನಿಜವಾದ ಜಗಳ ಆಗಿತ್ತು. ಇಲ್ಲಿ ಕಾಡಿನ ಜನ ಹೆಚ್ಚಿನ ಹೊತ್ತು ನಾಯಕನ ಮೈಮೇಲೆ ದೈವ ಬರೋದನ್ನ ಕಾಯುವ ಗುಂಪಾಗಿದ್ದಾರೆ. ಹಾಸ್ಯವಂತೂ ಬಲವಂತದ್ದು. ಅಪ್ಪ ಇದನ್ನ ಒಪ್ಪಲ್ಲ, ಮನೇಲಿ ಈಗಲೂ ವಾದ ನಡೀತಿದೆ.

ಜನಾರ್ದನ್ ಚಿಕ್ಕಣ್ಣ ಅವರ ‘ಅಜ್ಞಾತವಾಸಿ’ ಬಗ್ಗೆ ಕಡಿಮೆ ಹೇಳ್ತೀನಿ. ತೊಂಬತ್ತರ ದಶಕದ ಮಲೆನಾಡು, ಊರಿಗೆ ಬರುವ ಮೊದಲ ಕಂಪ್ಯೂಟರ್, ಪೊಲೀಸ್ ಪಾತ್ರದಲ್ಲಿ ರಂಗಾಯಣ ರಘು. ನಿಧಾನ ಜಾಸ್ತಿ ಆಯ್ತು, ಆದರೆ ರಘು ಸುಮ್ಮನೆ ಕೂತಿದ್ದರೂ ನೋಡಬಹುದು.

‘ಸು ಫ್ರಮ್ ಸೋ’ ಬೇರೆ ಕಥೆ. ಜೆ.ಪಿ. ತೂಮಿನಾಡು ನಿರ್ದೇಶಿಸಿ ನಟಿಸಿದ ಈ ಸಿನಿಮಾ ಜುಲೈ 25ಕ್ಕೆ ಬಂದಾಗ ಹೊರಗೆ ದೊಡ್ಡ ಸದ್ದಿರಲಿಲ್ಲ. ಬಾಯಿಂದ ಬಾಯಿಗೆ ಹರಡಿ ಶೋಗಳು ಏರುತ್ತಾ ಹೋದವು. ನಾನು ಹಾಲ್‌ನಲ್ಲಿ ಅಷ್ಟು ನಕ್ಕು ವರ್ಷಗಳೇ ಆಗಿದ್ದವು. ಆದರೂ ಒಂದು ತಕರಾರು ಇದೆ. ಹೆಂಗಸಿನ ಸ್ನಾನದ ಮನೆಗೆ ಇಣುಕಲು ಹೋದವನು ಸಿಕ್ಕಿಬಿದ್ದು, ದೆವ್ವ ಬಂದಂತೆ ನಟಿಸೋದರಿಂದ ಕಥೆ ಶುರುವಾಗುತ್ತೆ. ದ್ವಿತೀಯಾರ್ಧದಲ್ಲಿ ಇದೇ ಸಿನಿಮಾ ಭಾನು ಎಂಬ ಹೆಣ್ಣುಮಗಳ ಸಂಕಟವನ್ನ ಗಂಭೀರವಾಗಿ ತಗೊಳ್ಳುತ್ತೆ, ಚೆನ್ನಾಗಿಯೇ ತಗೊಳ್ಳುತ್ತೆ. ಆದರೆ ಆ ಮೊದಲ ಇಣುಕಿನ ಲೆಕ್ಕ ಯಾರೂ ಕೇಳಲ್ಲ. ಪಕ್ಕದಲ್ಲಿ ಕೂತಿದ್ದ ತಂಗಿ ಆ ದೃಶ್ಯದಲ್ಲಿ ನಕ್ಕಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

ಹಾಗಾದ್ರೆ ‘ಸು ಫ್ರಮ್ ಸೋ’ ಉಳಿದು ‘ಮಿಥ್ಯ’ ನಮ್ಮ ಕಡೆಯಿಂದ ಯಾಕೆ ಮಾಯವಾಯ್ತು? ಮಲ್ಟಿಪ್ಲೆಕ್ಸ್ ಗಳಿಕೆಯನ್ನ ನಿರ್ಮಾಪಕ-ವಿತರಕರ ಜೊತೆ ಶೇಕಡಾವಾರು ಹಂಚಿಕೊಳ್ಳುತ್ತೆ. ಸಾಮಾನ್ಯವಾಗಿ ಮೊದಲ ವಾರ ಹತ್ತಿರ ಹತ್ತಿರ ಅರ್ಧ ನಿರ್ಮಾಪಕರಿಗೆ, ಆಮೇಲೆ ವಾರ ವಾರ ಅವರ ಪಾಲು ಇಳಿಯುತ್ತೆ. ಪಾಪ್‌ಕಾರ್ನ್ ದುಡ್ಡಲ್ಲಿ ನಿರ್ಮಾಪಕರಿಗೆ ಪಾಲಿಲ್ಲ. ಹಾಗಾಗಿ ಮಲ್ಟಿಪ್ಲೆಕ್ಸ್‌ಗೆ ಬೇಕಿರೋದು ಸೀಟು ತುಂಬಿಸೋ ಸಿನಿಮಾ. ಶುಕ್ರವಾರದಿಂದ ಭಾನುವಾರದ ಅಂಕಿ ನೋಡಿ ಮುಂದಿನ ವಾರದ ಶೋ ನಿರ್ಧಾರ. ಸಿಂಗಲ್ ಸ್ಕ್ರೀನ್‌ಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಬಾಡಿಗೆ ಪದ್ಧತಿ. ಜನ ಬರಲಿ ಬಿಡಲಿ, ನಿರ್ಮಾಪಕ ವಾರದ ಬಾಡಿಗೆ ಕಟ್ಟಬೇಕು. ‘ಮಿಥ್ಯ’ದಂಥ ಸಿನಿಮಾಗೆ ಆ ಜೂಜು ಕಷ್ಟ. ಮೇಲಾಗಿ ಆ ಥಿಯೇಟರ್‌ಗಳೇ ಕಡಿಮೆಯಾಗ್ತಿವೆ. ಅರ್ಧ ಶತಮಾನ ನಡೆದ ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಬಾಗಿಲು ಹಾಕಿತು.

ಇಲ್ಲೊಂದು ವಿಷಯ ನೇರವಾಗಿ ಹೇಳಬೇಕು. 200ರ ಮಿತಿ ‘ಮಿಥ್ಯ’ದ ಟಿಕೆಟ್‌ನ ಅಗ್ಗ ಮಾಡ್ತಿರಲಿಲ್ಲ. ನಾನು ಅದಕ್ಕೆ ಕೊಟ್ಟಿದ್ದೇ 180. ಸಣ್ಣ ಸಿನಿಮಾಗಳ ರೇಟು ಬಹುತೇಕ ಮಿತಿಯ ಒಳಗೇ ಇರುತ್ತೆ. ಮಿತಿ ತಾಗೋದು ದೊಡ್ಡ ಸಿನಿಮಾಗಳಿಗೆ, ಮೊದಲ ವಾರಾಂತ್ಯಕ್ಕೆ. ಉದ್ಯಮದವರ ವಾದ ಇದೇ: ನೂರಾರು ಕೋಟಿ ಹಾಕಿದವರಿಗೆ ಮೊದಲ ನಾಲ್ಕು ದಿನವೇ ಗತಿ, ವ್ಯಾಪಾರದ ಹಕ್ಕಿಗೆ ಸರ್ಕಾರ ಯಾಕೆ ಕೈ ಹಾಕಬೇಕು? ಈ ವಾದವನ್ನ ನಾನು ತಳ್ಳಿಹಾಕಲ್ಲ. 75 ಸೀಟಿನ ವಿನಾಯಿತಿ ಇಟ್ಟುಕೊಂಡರೆ ದೊಡ್ಡ ಹಾಲ್‌ಗಳನ್ನ ಒಡೆದು ರಿಕ್ಲೈನರ್ ಹಾಲ್ ಮಾಡೋ ದಾರಿಯೂ ತೆರೆಯುತ್ತೆ ಅನ್ನೋದು ನನ್ನ ಸ್ವಂತ ಅನುಮಾನ.

ಆದರೂ ನಾನು ಮಿತಿಯ ಪರ, ಕಾರಣ ಅಮ್ಮನ ಆ ಮಾತು. 236ರಂತೆ ನಾಲ್ಕು ಟಿಕೆಟ್ ಅಂದರೆ 944. ನಾವು ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಇನ್ನೊಂದು ಸಿನಿಮಾ ನೋಡಬಹುದಿತ್ತು. ನಮ್ಮ ಮನೆಯಲ್ಲಿ ದೊಡ್ಡ ಸಿನಿಮಾದ ದುಬಾರಿ ಟಿಕೆಟ್ ಮೊದಲು ಕಿತ್ಕೊಳ್ಳೋದು ಸಣ್ಣ ಸಿನಿಮಾದ ಪ್ರೇಕ್ಷಕರನ್ನ. ಒಂದು ಹಬ್ಬದ ಸಿನಿಮಾಗೆ ಮೂರು ತಿಂಗಳ ಖರ್ಚು ಮುಗಿಸಿದ ಮನೆ, ಉಡುಪಿಯ ಹುಡುಗನ ಕಥೆಗೆ ಯಾಕೆ ಬರುತ್ತೆ?

ದರ ಇಳಿಸಿದ ಮಾತ್ರಕ್ಕೆ ಸಂಜೆಯ ಶೋ ಸಿಗಲ್ಲ, ಅದೂ ನಿಜ. ಕನಿಷ್ಠ ಎರಡು ವಾರ ದಿನಕ್ಕೊಂದು ಸಂಜೆ ಶೋ ಅನ್ನೋ ನಿಯಮ ಇದ್ದಿದ್ದರೆ ನನ್ನ ಗೆಳೆಯ ‘ಮಿಥ್ಯ’ ನೋಡಿರುತ್ತಿದ್ದ. ಅದೇ ಬಜೆಟ್‌ನಲ್ಲಿ ಸರ್ಕಾರ ಕನ್ನಡ ಸಿನಿಮಾಗಳಿಗೆ ತನ್ನದೇ ಒಟಿಟಿ ಮಾಡ್ತೀನಿ ಅಂತಲೂ ಹೇಳಿತ್ತು. ಅದು ಬಂದರೆ ಅಮ್ಮ ಮನೆಯಲ್ಲೇ ಕೋಡುಬಳೆ ತಿನ್ನುತ್ತಾ ನೋಡ್ತಾರೆ. ಅವರನ್ನ ‘ಮಿಥ್ಯ’ಕ್ಕೆ ಹಾಲ್‌ಗೇ ಕರೆದುಕೊಂಡು ಹೋಗಬೇಕಿತ್ತು ನಾನು. ಆ ಹದಿನಾಲ್ಕು ಜನರಲ್ಲಿ ಹದಿನೈದನೆಯವರಾಗಿ.