ಡಿವೈಡರಿನ ಗಿಡಕ್ಕೆ ನೀರೆರೆಯುವವರು ಯಾರು?

ಊರು ಬೆಳೆದಂತೆ ರಸ್ತೆ ಅಗಲವಾಗುತ್ತದೆ. ರಸ್ತೆ ಅಗಲವಾದಂತೆ ನಡುವೆ ಡಿವೈಡರ್ ಬರುತ್ತದೆ. ಡಿವೈಡರ್ ಬಂದ ಮೇಲೆ ‘ಅದರಲ್ಲಿ ನಾಲ್ಕು ಹೂಗಿಡ ನೆಟ್ಟರೆ ಎಷ್ಟು ಚಂದ!’ ಎಂಬ ಮಾತು ಬಂದೇ ಬರುತ್ತದೆ. ನಮ್ಮ ಸೀಮೆಯಲ್ಲಿ ಪುತ್ತೂರಿಗೆ ನಗರಸಭೆ ಇದೆ. ಸುಳ್ಯಕ್ಕೂ ಕಡಬಕ್ಕೂ ಪಟ್ಟಣ ಪಂಚಾಯತ್‌ಗಳಿವೆ. ಆ ನಾಲ್ಕು ಹೂಗಿಡಗಳಿಗಾಗಿ ಇಂಥ ಕಚೇರಿಗಳು ಹೇಗೆ ಗುತ್ತಿಗೆ ಕೊಡುತ್ತವೆ? ಕೊಟ್ಟ ಮೇಲೆ ಗಿಡ ಬದುಕುವುದು ಯಾವುದರಿಂದ? ಮಕ್ಕಳೇ, ಈ ವಾರ ಅದನ್ನು ತಿಳಿಯೋಣ. ಅಜ್ಜ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಜತೆಗೆ ಕುಳಿತರೆ ಒಳ್ಳೆಯದು. ನಡುವೆ ಸ್ವಲ್ಪ ಲೆಕ್ಕ ಉಂಟು.

ಚಂದಕ್ಕೆ ಮಾತ್ರವೇ?

ದಾರಿಯಲ್ಲಿ ಮರ ನೆಡಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶೋಕ ಚಕ್ರವರ್ತಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಸ್ತಂಭ ಶಾಸನದಲ್ಲಿ ಬರೆಸಿದ್ದಾನೆ. ಮರದ ಜತೆಗೇ ನೀರಿನ ಯೋಚನೆ ಅವನಿಗಿತ್ತು ಎಂಬುದನ್ನು ಗಮನಿಸಿ.

ಡಿವೈಡರಿನ ಗಿಡಕ್ಕೆ ಇನ್ನೊಂದು ಕೆಲಸವೂ ಇದೆ. ರಾತ್ರಿ ಎದುರಿನಿಂದ ಬರುವ ವಾಹನದ ದೀಪ ಚಾಲಕನ ಕಣ್ಣು ಕುಕ್ಕದಂತೆ ಅದು ತಡೆಯುತ್ತದೆ. ಅದಕ್ಕೇ ಹೆದ್ದಾರಿಗಳಲ್ಲಿ ಕಣಗಿಲೆ, ಬೋಗನ್‌ವಿಲ್ಲಾ ಹೆಚ್ಚು ಕಾಣುತ್ತವೆ. ಇವು ಬಿಸಿಲಿಗೆ ಜಗ್ಗುವುದಿಲ್ಲ. ಕಣಗಿಲೆಯನ್ನು ದನಕರುಗಳೂ ಮುಟ್ಟುವುದಿಲ್ಲ. ಅದು ವಿಷದ ಗಿಡ, ಮಕ್ಕಳು ಅದರ ಎಲೆ ಹೂವನ್ನು ಬಾಯಿಗೆ ಹಾಕಬಾರದು. ಜನ ರಸ್ತೆ ದಾಟುವಲ್ಲಿ, ವಾಹನ ತಿರುಗುವಲ್ಲಿ ಮಾತ್ರ ಗಿಡ ಎತ್ತರ ಬೆಳೆಯಬಾರದು. ಬೆಳೆದರೆ ಚೀಲ ಬೆನ್ನಿಗೆ ಹಾಕಿಕೊಂಡು ದಾಟಲು ನಿಂತ ಮಗು ಚಾಲಕನಿಗೆ ಕಾಣುವುದಿಲ್ಲ. ಆದ್ದರಿಂದ ನೆಡುವುದರಷ್ಟೇ ಕತ್ತರಿಸುವುದೂ ಮುಖ್ಯ.

ಟೆಂಡರಿನ ದಾರಿ

ಮೊದಲು ರಸ್ತೆ ಯಾರದು ಎಂದು ನೋಡಬೇಕು. ಸುಳ್ಯ ಪೇಟೆಯ ನಡುವೆ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 275. ಅಂಥಲ್ಲಿ ಹೆದ್ದಾರಿಯವರ ಒಪ್ಪಿಗೆಯಿಲ್ಲದೆ ಒಂದು ಗುಂಡಿಯನ್ನೂ ತೋಡುವಂತಿಲ್ಲ. ಕೇಂದ್ರ ಸರಕಾರದ 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಹೆದ್ದಾರಿ ಯೋಜನೆಯ ಒಟ್ಟು ವೆಚ್ಚದಲ್ಲಿ ಶೇ. 1ರಷ್ಟನ್ನು ಗಿಡ ನೆಟ್ಟು ಸಾಕುವುದಕ್ಕೆ ತೆಗೆದಿಡಬೇಕು. ಊರೊಳಗಿನ ರಸ್ತೆಯಾದರೆ ಆ ಹೊಣೆ ನಗರಸಭೆ ಅಥವಾ ಪಟ್ಟಣ ಪಂಚಾಯತ್‌ನದು.

ಆಮೇಲೆ ಎಂಜಿನಿಯರರು ಅಂದಾಜುಪಟ್ಟಿ ಮಾಡುತ್ತಾರೆ. ಎಷ್ಟು ಉದ್ದ, ಎಷ್ಟು ಗಿಡ, ಎಷ್ಟು ಮಣ್ಣು, ಎಷ್ಟು ಗೊಬ್ಬರ, ಎಷ್ಟು ಕೂಲಿ ಎಂಬುದೆಲ್ಲ ಅದರಲ್ಲಿ ಬರಬೇಕು. ಅದಕ್ಕೆ ಮಂಜೂರಾತಿ ಸಿಕ್ಕಿದ ಮೇಲೆ ಟೆಂಡರ್. ಪರಿಚಯದವರನ್ನು ಕರೆದು ‘ನೀನೇ ಮಾಡು ಮಾರಾಯ’ ಎನ್ನುವಂತಿಲ್ಲ. ಕರ್ನಾಟಕದಲ್ಲಿ ಇದಕ್ಕಾಗಿಯೇ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಎಂಬ ಕಾನೂನಿದೆ. ಸಣ್ಣ ಮೊತ್ತದ ಕೆಲಸಗಳಿಗೆ ವಿನಾಯಿತಿ ಉಂಟು. ಉಳಿದ ಕೆಲಸಗಳಿಗೆ ಎಲ್ಲರಿಗೂ ತಿಳಿಯುವಂತೆ ಟೆಂಡರ್ ಕರೆಯಬೇಕು, ಮೊದಲೇ ಹೇಳಿದ ನಿಯಮದಂತೆಯೇ ಆರಿಸಬೇಕು. ಆಯ್ಕೆ ಸರಿಯಿಲ್ಲವೆಂದು ಕಂಡರೆ ಟೆಂಡರ್ ಹಾಕಿದವರು ಮೇಲ್ಮನವಿ ಸಲ್ಲಿಸಬಹುದು.

ಟೆಂಡರ್ ಹಾಕುವವರು ಒಂದು ಬಯಾನೆ ಠೇವಣಿ ಇಡಬೇಕು. ‘ಕೆಲಸ ಸಿಕ್ಕಿದರೆ ಬೆನ್ನು ತೋರಿಸುವುದಿಲ್ಲ’ ಎಂಬ ಮಾತಿಗೆ ಅದು ಒತ್ತೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಟೆಂಡರಿನ ಕೊನೆಯ ದಿನ ಇದಕ್ಕೆ ಡಿ.ಡಿ. ಮಾಡಿಸಲು ಕೌಂಟರಿನ ಮುಂದೆ ಗಡಿಬಿಡಿಯೋ ಗಡಿಬಿಡಿ. ಈಗ ಟೆಂಡರ್ ಹಾಕುವುದು, ಹಣ ಕಟ್ಟುವುದು ಎಲ್ಲ ಕಂಪ್ಯೂಟರಿನಲ್ಲೇ. ಮೊದಲು ಅರ್ಹತೆ ನೋಡುತ್ತಾರೆ, ಅರ್ಹರಲ್ಲಿ ಅತಿ ಕಡಿಮೆ ದರ ಹಾಕಿದವರಿಗೆ ಸಾಮಾನ್ಯವಾಗಿ ಕೆಲಸ ಸಿಗುತ್ತದೆ. ಅವರು ಭದ್ರತಾ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಕೊಟ್ಟು ಕರಾರಿಗೆ ಸಹಿ ಹಾಕಿದ ಮೇಲೆ ಕಾರ್ಯಾದೇಶ.

ಈಗ ಲೆಕ್ಕಕ್ಕೆ ಕುಳಿತುಕೊಳ್ಳಿ

ಕಡಿಮೆ ದರ ಯಾವಾಗಲೂ ಲಾಭವೇ? ಒಂದು ಉದಾಹರಣೆ ನೋಡೋಣ. ಇದರ ದರಗಳೆಲ್ಲ ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು.

2 ಕಿಲೋಮೀಟರ್ ಡಿವೈಡರ್, ಮೀಟರಿಗೊಂದು ಗಿಡ. ಒಟ್ಟು 2,000 ಗಿಡ. ಗಿಡ, ಮಣ್ಣು, ಗೊಬ್ಬರ, ಕೂಲಿ ಸೇರಿ ಗಿಡವೊಂದಕ್ಕೆ 150 ರೂಪಾಯಿಯಂತೆ 3 ಲಕ್ಷ.

ಇನ್ನು ನೀರು. ನಮ್ಮಲ್ಲಿ ಜೂನಿನಿಂದ ಜಡಿಮಳೆ, ಆಗ ನೀರಿನ ಚಿಂತೆಯಿಲ್ಲ. ಜನವರಿಯಿಂದ ಮೇ ಕೊನೆಯವರೆಗೆ 151 ದಿನ ಬಿಸಿಲು. ಡಿವೈಡರಿನ ಎರಡೂ ಕಡೆ ಸಿಮೆಂಟು, ಒಳಗೆ ಹಿಡಿಮಣ್ಣು, ಸುತ್ತ ಕಾದ ಡಾಮರು. ಗಿಡಕ್ಕೆ 5 ಲೀಟರಿನಂತೆ ಒಂದು ಸಲಕ್ಕೆ 10,000 ಲೀಟರ್, ಅಂದರೆ ಎರಡು ಟ್ಯಾಂಕರ್. ಎರಡು ದಿನಕ್ಕೊಮ್ಮೆ ಹಾಕಿದರೆ ಸುಮಾರು 75 ಸಲ, 150 ಟ್ಯಾಂಕರ್. ಟ್ಯಾಂಕರಿಗೆ 1,000 ರೂಪಾಯಿ ಎಂದರೆ ಒಂದು ಬೇಸಿಗೆಗೆ ಒಂದೂವರೆ ಲಕ್ಷ. ಎರಡು ವರ್ಷದ ಕರಾರಾದರೆ 3 ಲಕ್ಷ.

ನೋಡಿದಿರಾ? ನೆಡುವುದಕ್ಕೆ ಎಷ್ಟು ಖರ್ಚೋ ನೀರಿಗೂ ಅಷ್ಟೇ ಖರ್ಚು. ಒಟ್ಟು 6 ಲಕ್ಷ.

ಈಗ ಮೂವರು ಟೆಂಡರ್ ಹಾಕಿದರು. ಒಬ್ಬರದು 6,40,000, ಇನ್ನೊಬ್ಬರದು 6,10,000, ಮೂರನೆಯವರದು 4,20,000. ಮೂರನೆಯವರಿಗೆ ಕೆಲಸ ಸಿಕ್ಕಿತು. ನೆಟ್ಟ ಮೇಲೆ ಅವರ ಕೈಯಲ್ಲಿ ಉಳಿಯುವುದು 1,20,000. ಒಂದು ಬೇಸಿಗೆಯ ನೀರಿಗೂ ಅದು ಸಾಲದು! ಭದ್ರತಾ ಠೇವಣಿ ನೂರಕ್ಕೆ 5 ಎಂದಾದರೆ 21,000 ರೂಪಾಯಿ. ನೀರು ಹಾಕದೆ ಬಿಟ್ಟರೆ ಉಳಿಯುವುದು ಲಕ್ಷದ ಲೆಕ್ಕ, ಠೇವಣಿ ಮುಟ್ಟುಗೋಲಾದರೆ ಹೋಗುವುದು ಇಪ್ಪತ್ತೊಂದು ಸಾವಿರ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ, ಸಾಲಕ್ಕೆ ತಕ್ಕ ಒತ್ತೆ ಇಲ್ಲ.

ಇದಕ್ಕೆ ಮದ್ದೂ ಇದೆ. ದರ ತೀರ ಕಡಿಮೆಯಿದ್ದರೆ ‘ಈ ಹಣದಲ್ಲಿ ಹೇಗೆ ಮಾಡುತ್ತೀರಿ, ಲೆಕ್ಕ ಕೊಡಿ’ ಎಂದು ಕೇಳಬಹುದು, ಹೆಚ್ಚುವರಿ ಭದ್ರತೆ ಪಡೆಯಬಹುದು. ಎಲ್ಲಕ್ಕಿಂತ ಮೇಲಾದ ದಾರಿ, ಹಣವನ್ನು ಕಂತು ಕಂತಾಗಿ ಕೊಡುವುದು. ನೆಟ್ಟಾಗ ಒಂದು ಪಾಲು, ಉಳಿದದ್ದು ಪ್ರತಿ ಬೇಸಿಗೆಯ ಕೊನೆಗೆ ಜೀವಂತ ಗಿಡಗಳನ್ನು ಎಣಿಸಿದ ಮೇಲೆ. ಎಂಜಿನಿಯರರ ಬಳಿ ಅಳತೆ ಪುಸ್ತಕ ಎಂಬುದಿರುತ್ತದೆ. ಆದ ಕೆಲಸವನ್ನು ಅಳೆದು ಅದರಲ್ಲಿ ಬರೆದ ಮೇಲೆಯೇ ಬಿಲ್ಲು. ಆ ಪುಸ್ತಕದಲ್ಲಿ ‘ನೆಟ್ಟ ಗಿಡ’ದ ಜತೆಗೆ ‘ಬದುಕಿದ ಗಿಡ’ಕ್ಕೂ ಒಂದು ಸಾಲು ಇರುವಂತೆ ಕರಾರು ಬರೆದರೆ ಗುತ್ತಿಗೆದಾರರೇ ದಿನ ತಪ್ಪದೆ ನೀರು ಹಾಕಿಸುತ್ತಾರೆ.

ಟೆಂಡರಿಲ್ಲದ ಮರಗಳು

ಮಾಗಡಿ ತಾಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ 385 ಆಲದ ಮರಗಳ ಕಥೆಯನ್ನು ನೀವು ಪಾಠದಲ್ಲಿ ಓದಿರಬಹುದು. ತಿಮ್ಮಕ್ಕ ಶಾಲೆಗೆ ಹೋದವರಲ್ಲ, ಅವರಿಗೆ ಮಕ್ಕಳೂ ಇರಲಿಲ್ಲ. ಸಸಿ ನೆಟ್ಟು ಸುಮ್ಮನಿರದೆ, ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಅವರು ನೆಟ್ಟ ಮರಗಳ ಹೆಸರು ಉಳಿದದ್ದು ನೆಟ್ಟ ಆಮೇಲಿನ ವರ್ಷಗಳ ದುಡಿಮೆಯಿಂದ. ಎಲ್ಲ ಊರಿಗೂ ತಿಮ್ಮಕ್ಕ ಸಿಗುವುದಿಲ್ಲ. ಅವರು ಪ್ರೀತಿಯಿಂದ ಮಾಡಿದ್ದನ್ನು ನಮ್ಮ ಪೇಟೆಗಳಲ್ಲಿ ಕರಾರಿನಿಂದ ಮಾಡಿಸಬೇಕಾಗುತ್ತದೆ.

ಅಜ್ಜ ಮೊಮ್ಮಕ್ಕಳಿಗೊಂದು ಕೆಲಸ

ನಿಮ್ಮ ಪೇಟೆಯ ಡಿವೈಡರಿನಲ್ಲಿ ಗಿಡ ನೆಟ್ಟಿದ್ದರೆ ಫುಟ್‌ಪಾತಿನ ಮೇಲೇ ನಡೆಯುತ್ತಾ ಎಣಿಸಿ. ಎರಡು ದೀಪದ ಕಂಬಗಳ ನಡುವೆ ಎಷ್ಟು ಗಿಡ ಎಂದು ಪುಸ್ತಕದಲ್ಲಿ ಬರೆದಿಡಿ. ಒಮ್ಮೆ ನವೆಂಬರಿನಲ್ಲಿ, ಮತ್ತೊಮ್ಮೆ ಏಪ್ರಿಲಿನಲ್ಲಿ. ಸಂಖ್ಯೆ ಇಳಿದಿದ್ದರೆ ಅಜ್ಜನೋ ಅಜ್ಜಿಯೋ ನಗರಸಭೆಗೆ, ಪಟ್ಟಣ ಪಂಚಾಯತ್‌ಗೆ ಒಂದು ಅರ್ಜಿ ಬರೆಯಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಮೂರೇ ಪ್ರಶ್ನೆ ಸಾಕು: ನಿರ್ವಹಣೆ ಎಷ್ಟು ವರ್ಷಕ್ಕೆ? ಅದಕ್ಕೆ ಇಟ್ಟ ಹಣ ಎಷ್ಟು? ಸತ್ತ ಗಿಡದ ಜಾಗದಲ್ಲಿ ಹೊಸತು ನೆಡಬೇಕಾದವರು ಯಾರು?

ಜಗಳ ಮಾಡುವುದು ಬೇಡ. ವಿನಯದಿಂದ ಕೇಳಿ, ಉತ್ತರ ಬಂದ ಮೇಲೆ ಮೊಮ್ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ. ಆ ಗಿಡ ಕೊಂಡದ್ದು ನಮ್ಮೆಲ್ಲರ ಮನೆ ತೆರಿಗೆಯ ದುಡ್ಡಿನಿಂದ. ಅದು ಬದುಕಿದೆಯೇ ಎಂದು ನೋಡಿಕೊಳ್ಳುವುದೂ ನಮ್ಮದೇ ಕೆಲಸ.