ಧ್ವನಿಮುದ್ರಣದ ಲ್ಯಾಪ್‌ಟಾಪ್: ವೇಗಕ್ಕಿಂತ ಸಮಯಪಾಲನೆ

ಸಂಗೀತದ ಧ್ವನಿಮುದ್ರಣಕ್ಕೆ ಬಳಸುವ ಲ್ಯಾಪ್‌ಟಾಪ್ ಧ್ವನಿಯನ್ನು ಚೆಂದಗೊಳಿಸುವುದಿಲ್ಲ. ಧ್ವನಿಯ ಗುಣ ತೀರ್ಮಾನವಾಗುವುದು ಹಾಡುವವರ ಕಂಠದಲ್ಲಿ, ಹಾಡುವ ಕೋಣೆಯಲ್ಲಿ, ಮೈಕಿನಲ್ಲಿ ಮತ್ತು ಮೈಕಿನಿಂದ ಬಂದ ವಿದ್ಯುತ್ ಸಂಕೇತವನ್ನು ಅಂಕಿಗಳಾಗಿ ಬದಲಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ. ಆ ಅಂಕಿಗಳನ್ನು ಒಂದನ್ನೂ ಬಿಡದೆ ಬರೆದಿಟ್ಟುಕೊಳ್ಳುವುದು, ಕೇಳಿದ ಕ್ಷಣದಲ್ಲಿ ಹಿಂದಕ್ಕೆ ಕೊಡುವುದು ಲ್ಯಾಪ್‌ಟಾಪಿನ ಕೆಲಸ. ಕೇಳಲು ಸುಲಭವೆನಿಸುವ ಈ ಕೆಲಸದಲ್ಲಿ ದುಬಾರಿ ಯಂತ್ರಗಳೂ ಎಡವುತ್ತವೆ, ಸಾಧಾರಣ ಬೆಲೆಯ ಕೆಲವು ಯಂತ್ರಗಳು ವರ್ಷಗಟ್ಟಲೆ ನಿಭಾಯಿಸುತ್ತವೆ. ಆದ್ದರಿಂದ ಅಂಗಡಿಯ ಫಲಕದಲ್ಲಿ ಬರೆದಿರುವ ಗಿಗಾಹರ್ಟ್ಸ್ ಮತ್ತು ಗಿಗಾಬೈಟುಗಳನ್ನಷ್ಟೇ ನೋಡಿ ಆರಿಸುವುದು ಸಾಲದು.

ಡಿಜಿಟಲ್ ಧ್ವನಿಯೆಂದರೆ ಅಲೆಯ ಎತ್ತರವನ್ನು ಮತ್ತೆ ಮತ್ತೆ ಅಳೆದು ದಾಖಲಿಸಿದ ಅಂಕಿಗಳ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ಈ ಅಳತೆ ನಡೆಯುತ್ತದೆ. ಸಿನಿಮಾ ಮತ್ತು ವಿಡಿಯೋ ಕೆಲಸದಲ್ಲಿ 48,000 ಬಾರಿ. ಒಂದೊಂದು ಅಳತೆಗೂ ಸ್ಯಾಂಪಲ್ ಎಂದು ಹೆಸರು. ಸ್ಯಾಂಪಲ್‌ಗಳು ಪ್ರೊಸೆಸರಿಗೆ ಕಂತು ಕಂತಾಗಿ ತಲುಪುತ್ತವೆ. ಒಂದು ಕಂತಿನಲ್ಲಿ ಎಷ್ಟು ಸ್ಯಾಂಪಲ್ ಇರಬೇಕೆಂಬುದನ್ನು ಬಫರ್ ಗಾತ್ರ ಹೇಳುತ್ತದೆ. ಬಫರನ್ನು 128ಕ್ಕೆ ಇಟ್ಟು 48,000ದ ದರದಲ್ಲಿ ಕೆಲಸ ಮಾಡಿದರೆ ಸೆಕೆಂಡಿಗೆ 375 ಕಂತು. ಒಂದೊಂದಕ್ಕೂ ಸಿಗುವ ಸಮಯ 2.7 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಟ್ರ್ಯಾಕ್‌ಗಳನ್ನು ಓದಿ, ಎಕೋ, ಈಕ್ವಲೈಸರ್ ಮೊದಲಾದ ಪ್ಲಗಿನ್‌ಗಳ ಲೆಕ್ಕ ಮುಗಿಸಿ, ಫಲಿತಾಂಶವನ್ನು ಹೆಡ್‌ಫೋನಿಗೆ ತಲುಪಿಸಬೇಕು. ಒಂದೇ ಒಂದು ಕಂತು ತಡವಾದರೂ ಧ್ವನಿಯಲ್ಲಿ ಚಟ್ ಎಂಬ ಸದ್ದು ಬೀಳುತ್ತದೆ, ಇಲ್ಲವೇ ಮುದ್ರಣವೇ ನಿಲ್ಲುತ್ತದೆ. ಪಕ್ಕವಾದ್ಯದವರಲ್ಲಿ ಬಯಸುವ ಗುಣವನ್ನೇ ಇಲ್ಲಿ ಕಂಪ್ಯೂಟರಿನಲ್ಲೂ ಬಯಸಬೇಕು: ಎಷ್ಟು ವೇಗವಾಗಿ ನುಡಿಸಬಲ್ಲರು ಎಂಬುದಕ್ಕಿಂತ ಒಮ್ಮೆಯೂ ತಾಳ ತಪ್ಪದಿರುವುದು ಮುಖ್ಯ.

ಬಫರನ್ನು ದೊಡ್ಡದು ಮಾಡಿದರೆ ಪ್ರೊಸೆಸರಿಗೆ ಬಿಡುವು ಸಿಗುತ್ತದೆ, ಆದರೆ ಧ್ವನಿ ತಡವಾಗಿ ಕೇಳಿಸುತ್ತದೆ. ಈ ತಡವನ್ನೇ ಲೇಟೆನ್ಸಿ ಎನ್ನುವುದು. ಬಫರ್ 1,024 ಆದರೆ ಒಂದು ದಾರಿಗೇ 21 ಮಿಲಿಸೆಕೆಂಡ್. ಹಾಡಿದ ಧ್ವನಿ ಒಳಹೋಗಿ ಹೆಡ್‌ಫೋನಿನಲ್ಲಿ ಹೊರಬರುವಷ್ಟರಲ್ಲಿ ಅದು ಎರಡರಷ್ಟು, ಜೊತೆಗೆ ಇಂಟರ್‌ಫೇಸ್ ತನ್ನ ಪಾಲಿನದನ್ನೂ ಸೇರಿಸುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಗಾಗಿ ಮೂರು ಮೀಟರ್ ದೂರದಲ್ಲಿ ಕುಳಿತ ತಬಲಾದವರ ಜೊತೆ ಹಾಡುವಾಗಲೂ 9 ಮಿಲಿಸೆಕೆಂಡ್‌ನಷ್ಟು ತಡ ಇದ್ದೇ ಇರುತ್ತದೆ, ಅದು ಯಾರಿಗೂ ತೊಡಕಾಗದು. ಆದರೆ 40 ಮಿಲಿಸೆಕೆಂಡ್ ಎಂದರೆ ಹದಿಮೂರು ಮೀಟರಿಗೂ ಹೆಚ್ಚಿನ ದೂರ. ಅಲ್ಲಿಂದ ಕೇಳುವ ತಾಳಕ್ಕೆ ಹೊಂದಿಕೊಂಡು ಹಾಡುವುದು ಕಷ್ಟ. ಹಾಡುವವರಿಗೆ ಈ ಬಾಧೆ ಇನ್ನೂ ಹೆಚ್ಚು. ಅವರ ಧ್ವನಿ ತಲೆಬುರುಡೆಯ ಮೂಳೆಯ ಮೂಲಕ ತಕ್ಷಣವೇ ಕಿವಿಗೆ ಮುಟ್ಟಿರುತ್ತದೆ. ಹೆಡ್‌ಫೋನಿನ ತಡವಾದ ಧ್ವನಿ ಅದರೊಡನೆ ಬೆರೆತು ನಾದವೇ ಟೊಳ್ಳಾದಂತೆ ಅನಿಸುತ್ತದೆ. ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಸೌಲಭ್ಯ ಹೆಚ್ಚಿನ ಇಂಟರ್‌ಫೇಸ್‌ಗಳಲ್ಲಿದೆ. ಬರಿಯ ಗಾಯನ ಮತ್ತು ವಾದ್ಯಗಳನ್ನು ಮುದ್ರಿಸುವವರಿಗೆ ಇದೊಂದರಿಂದಲೇ ಬಹುಪಾಲು ಸಮಸ್ಯೆ ತೀರುತ್ತದೆ. ಕೀಬೋರ್ಡಿನಲ್ಲಿ ಒತ್ತಿದ ಸ್ವರವನ್ನು ಕಂಪ್ಯೂಟರಿನೊಳಗಿನ ವಾದ್ಯದಿಂದ ನುಡಿಸುವವರಿಗೆ ಮಾತ್ರ ಈ ಅಡ್ಡದಾರಿ ಇಲ್ಲ. ಅವರಿಗೆ ಚಿಕ್ಕ ಬಫರ್ ಬೇಕೇ ಬೇಕು. ಮಿಕ್ಸಿಂಗ್ ಹಂತದಲ್ಲಿ ತಡ ಯಾರನ್ನೂ ಬಾಧಿಸುವುದಿಲ್ಲವಾದ್ದರಿಂದ ಆಗ ಬಫರನ್ನು ಧಾರಾಳವಾಗಿ ಏರಿಸಬಹುದು.

ಚಿಕ್ಕ ಬಫರಿನಲ್ಲಿ ಯಂತ್ರ ತಾಳಿಕೊಳ್ಳುವುದೋ ಇಲ್ಲವೋ ಎಂಬುದರಲ್ಲಿ ಪ್ರೊಸೆಸರಿನಷ್ಟೇ ಪಾತ್ರ ಡ್ರೈವರ್ ಎಂಬ ತಂತ್ರಾಂಶಕ್ಕೂ ಇದೆ. ಆಪಲ್‌ನ ಮ್ಯಾಕ್‌ಗಳಲ್ಲಿ ಕೋರ್ ಆಡಿಯೋ ಎಂಬ ವ್ಯವಸ್ಥೆ ಮೊದಲಿನಿಂದಲೇ ಅಡಕವಾಗಿದೆ. ವಿಂಡೋಸ್‌ನಲ್ಲಿ ಅಂಥ ವ್ಯವಸ್ಥೆಯ ಕೊರತೆ ನೀಗಿಸಲು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಎ.ಎಸ್.ಐ.ಒ. ಎಂಬ ಪದ್ಧತಿ ರೂಪಿಸಿತು. ಇಂಟರ್‌ಫೇಸ್ ತಯಾರಿಸಿದವರೇ ಬರೆದು ಕೊಡುವ ಎ.ಎಸ್.ಐ.ಒ. ಡ್ರೈವರ್ ಇದ್ದರೆ ವಿಂಡೋಸ್ ಯಂತ್ರವೂ ಮ್ಯಾಕ್‌ಗೆ ಸರಿಸಮನಾಗಿ ನಿಲ್ಲುತ್ತದೆ. ಲ್ಯಾಪ್‌ಟಾಪಿನೊಳಗೇ ಇರುವ ಸೌಂಡ್ ಚಿಪ್ಪಿನ ಗುಣಮಟ್ಟಕ್ಕೆ ಇಲ್ಲಿ ಬೆಲೆಯಿಲ್ಲ. ಇಂಟರ್‌ಫೇಸ್ ಜೋಡಿಸಿದ ಮೇಲೆ ಅದು ಬಳಕೆಗೇ ಬರುವುದಿಲ್ಲ. ಜಾಹೀರಾತುಗಳಲ್ಲಿ ಕಾಣುವ ಸ್ಪೀಕರುಗಳ ಹೊಗಳಿಕೆಯನ್ನೂ ಹಾಗೆಯೇ ಬದಿಗಿಡಬಹುದು.

ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಂದರೆಯಿದೆ. ವೈಫೈ, ಗ್ರಾಫಿಕ್ಸ್, ಬ್ಯಾಟರಿ ನಿರ್ವಹಣೆ ಮುಂತಾದವುಗಳ ಡ್ರೈವರ್‌ಗಳು ಆಗಾಗ ಪ್ರೊಸೆಸರಿನ ಗಮನವನ್ನು ಕಸಿದುಕೊಳ್ಳುತ್ತವೆ. ಸಾಮಾನ್ಯ ಬಳಕೆಯಲ್ಲಿ ಇದು ಯಾರ ಅರಿವಿಗೂ ಬಾರದು. ಆದರೆ ಯಾವುದೋ ಒಂದು ಡ್ರೈವರ್ 3 ಮಿಲಿಸೆಕೆಂಡ್ ಕಾಲ ಬಿಟ್ಟುಕೊಡದಿದ್ದರೆ 2.7 ಮಿಲಿಸೆಕೆಂಡ್‌ನ ಗಡುವು ಮೀರಿಹೋಗುತ್ತದೆ. ಎಷ್ಟೇ ಶಕ್ತಿಯುತ ಪ್ರೊಸೆಸರ್ ಇದ್ದರೂ ಚಟ್ ಸದ್ದು ತಪ್ಪದಿರುವುದಕ್ಕೆ ಸಾಮಾನ್ಯ ಕಾರಣ ಇದೇ. ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರ್ ಎಷ್ಟು ಹೊತ್ತು ತಡೆಯುತ್ತಿದೆ ಎಂಬುದು ಹೆಸರು ಸಮೇತ ಸಿಗುತ್ತದೆ. ಮುದ್ರಣದ ಹೊತ್ತಿನಲ್ಲಿ ವೈಫೈ ಆಫ್ ಮಾಡುವುದು, ವಿದ್ಯುತ್ ಉಳಿತಾಯದ ಸೆಟ್ಟಿಂಗನ್ನು ಗರಿಷ್ಠ ಸಾಮರ್ಥ್ಯಕ್ಕೆ ಬದಲಿಸುವುದು, ಯು.ಎಸ್.ಬಿ. ಕಿಂಡಿಗಳು ನಿದ್ರೆಗೆ ಜಾರದಂತೆ ಮಾಡುವುದು ಇವಿಷ್ಟರಿಂದ ಹಲವು ಯಂತ್ರಗಳು ಸರಿಹೋಗುತ್ತವೆ. ಕೆಲವು ಏನು ಮಾಡಿದರೂ ಸರಿಹೋಗವು. ಒಂದೇ ಬೆಲೆಯ ಎರಡು ಮಾದರಿಗಳ ನಡುವೆ ಇಂಥ ವ್ಯತ್ಯಾಸವಿರುವುದರಿಂದ, ಹಿಂದಿರುಗಿಸಲು ಅವಕಾಶವಿರುವ ಕಡೆ ಕೊಳ್ಳುವುದು ಜಾಣತನ.

ಪ್ರೊಸೆಸರಿನ ವಿಷಯದಲ್ಲಿ ಕೋರ್‌ಗಳ ಸಂಖ್ಯೆಯೇ ಎಲ್ಲವೂ ಅಲ್ಲ. ಬೇರೆ ಬೇರೆ ಟ್ರ್ಯಾಕ್‌ಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಹಂಚಬಹುದು. ಆದರೆ ಒಂದೇ ಟ್ರ್ಯಾಕಿನ ಮೇಲೆ ಸಾಲಾಗಿ ಕುಳಿತ ಐದು ಪ್ಲಗಿನ್‌ಗಳನ್ನು ಹಂಚಲಾಗದು, ಏಕೆಂದರೆ ಎರಡನೆಯದಕ್ಕೆ ಮೊದಲನೆಯದರ ಫಲಿತಾಂಶ ಬೇಕು. ಎಲ್ಲ ಟ್ರ್ಯಾಕ್‌ಗಳೂ ಕೂಡುವ ಮಾಸ್ಟರ್ ಚಾನೆಲ್ಲಿನಲ್ಲಂತೂ ಈ ಇಕ್ಕಟ್ಟು ಹೆಚ್ಚು. ಹೀಗಾಗಿ ಒಂಟಿ ಕೋರಿನ ವೇಗವನ್ನೇ ಮೊದಲು ನೋಡಬೇಕು. ಆ ವೇಗ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಅದಕ್ಕೆ ಅಂಟಿಕೊಂಡ ಪ್ರಶ್ನೆ. ತೆಳ್ಳಗಿನ ಲ್ಯಾಪ್‌ಟಾಪ್ ಮೊದಲ ಕೆಲವು ನಿಮಿಷ ಓಡಿ, ಬಿಸಿಯೇರಿದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಂಟೆಲ್ ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ಬರುವ ‘ಯು’ ಅಕ್ಷರ ಕಡಿಮೆ ವಿದ್ಯುತ್ತಿನ ಬಗೆಯನ್ನೂ, ‘ಎಚ್’ ಹೆಚ್ಚು ಸಾಮರ್ಥ್ಯದ ಬಗೆಯನ್ನೂ ಸೂಚಿಸುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯುವುದು ಇಲ್ಲಿ ವ್ಯರ್ಥ. ಸಂಗೀತದ ತಂತ್ರಾಂಶಗಳ ಪೈಕಿ ಅದನ್ನು ಬಳಸುವವು ತೀರಾ ವಿರಳ.

ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಶಕ್ತಿ ಬೇಕಾದಷ್ಟಿದೆ, ಆದರೆ ಅವುಗಳ ಫ್ಯಾನು ಗದ್ದಲದ್ದು. ಮೈಕೂ ಲ್ಯಾಪ್‌ಟಾಪೂ ಒಂದೇ ಕೋಣೆಯಲ್ಲಿರುವ ಮನೆ ಸ್ಟುಡಿಯೋಗಳಲ್ಲಿ ಇದು ಚಿಕ್ಕ ವಿಷಯವಲ್ಲ. ವೀಣೆಯ ಒಂದು ಮೀಟು ಮೆಲ್ಲನೆ ಕರಗುವಾಗ, ಆಲಾಪದ ನಡುವೆ ಗಾಯಕಿ ಉಸಿರೆಳೆದುಕೊಳ್ಳುವಾಗ, ಭಾವಗೀತೆಯ ಎರಡು ಸಾಲುಗಳ ನಡುವಿನ ನಿಲುಗಡೆಯಲ್ಲಿ ಫ್ಯಾನಿನ ಸುಯ್ಲು ಕಂಡೆನ್ಸರ್ ಮೈಕಿಗೆ ಚೆನ್ನಾಗಿ ಸಿಕ್ಕಿಬೀಳುತ್ತದೆ. ಮುದ್ರಣದ ವೇಳೆ ಅದು ಗಮನಕ್ಕೆ ಬಾರದಿರಬಹುದು. ಆಮೇಲೆ ಗಾಯನಕ್ಕೆ ಕಂಪ್ರೆಸರ್ ಹಾಕಿದಾಗ ಜೋರಾದ ಭಾಗಗಳು ತಗ್ಗಿ ಮೆಲುದನಿಯ ಭಾಗಗಳು ಮೇಲೇಳುತ್ತವೆ, ಅವುಗಳ ಜೊತೆ ಫ್ಯಾನಿನ ಸದ್ದೂ ಮೇಲೇಳುತ್ತದೆ. ಸದ್ದು ತೆಗೆಯುವ ಪ್ಲಗಿನ್‌ಗಳು ಇವೆ ನಿಜ. ಅವು ಕಂಠದ ಒಂದಿಷ್ಟು ಕಾಂತಿಯನ್ನೂ ಜೊತೆಗೆ ಒಯ್ಯುತ್ತವೆ. ಶಾಸ್ತ್ರೀಯ ಮತ್ತು ಸುಗಮ ಸಂಗೀತ ಮುದ್ರಿಸುವವರು ಬೇರೆ ಎಲ್ಲಕ್ಕಿಂತ ಈ ಅಂಶಕ್ಕೆ ತೂಕ ಕೊಡುವುದು ಒಳ್ಳೆಯದು.

2020ರ ನವೆಂಬರಿನಲ್ಲಿ ಎಂ1 ಚಿಪ್ಪಿನೊಡನೆ ಬಂದ ಮ್ಯಾಕ್‌ಬುಕ್ ಏರ್ ಮನೆ ಸ್ಟುಡಿಯೋದವರಿಗೆ ಪ್ರಿಯವಾದದ್ದು ಇದೇ ಕಾರಣಕ್ಕೆ: ಅದರಲ್ಲಿ ಫ್ಯಾನೇ ಇಲ್ಲ, ಆದರೂ ಒಂಟಿ ಕೋರಿನ ವೇಗ ಉತ್ತಮವಾಗಿದೆ. ಬಹಳ ಹೊತ್ತು ಭಾರೀ ಕೆಲಸ ಹೇರಿದರೆ ಅದೂ ವೇಗ ತಗ್ಗಿಸುತ್ತದೆ. ಫ್ಯಾನಿರುವ ಯಂತ್ರವೇ ಕೈಯಲ್ಲಿದ್ದರೆ ಅದನ್ನು ಕಾರ್ಡಿಯಾಯ್ಡ್ ಮೈಕಿನ ಬೆನ್ನ ಹಿಂದೆ ಇಡಬೇಕು; ಆ ದಿಕ್ಕಿನಲ್ಲಿ ಅಂಥ ಮೈಕಿಗೆ ಕಿವುಡು ಹೆಚ್ಚು. ಇನ್ನೂ ಒಳ್ಳೆಯ ಉಪಾಯವೆಂದರೆ ಲ್ಯಾಪ್‌ಟಾಪನ್ನು ಪಕ್ಕದ ಕೋಣೆಯಲ್ಲಿಟ್ಟು ಮೈಕಿನ ಕೇಬಲ್ಲನ್ನೇ ಉದ್ದ ಮಾಡುವುದು. ಮೂರು ಪಿನ್ನಿನ ಎಕ್ಸ್.ಎಲ್.ಆರ್. ಕೇಬಲ್ ಹತ್ತು ಮೀಟರ್ ಹೋದರೂ ಸದ್ದು ಹಿಡಿಯುವುದಿಲ್ಲ, ಯು.ಎಸ್.ಬಿ. 2.0 ಕೇಬಲ್ ಐದು ಮೀಟರ್ ದಾಟಬಾರದು.

ರ‍್ಯಾಮ್ ಎಷ್ಟು ಬೇಕೆಂಬುದು ಸಂಗೀತದ ಬಗೆಯನ್ನು ಅವಲಂಬಿಸಿದೆ. ಗಾಯನ, ಹಾರ್ಮೋನಿಯಂ, ತಬಲಾ, ಕೊಳಲುಗಳನ್ನು ಮೈಕಿನಿಂದ ಮುದ್ರಿಸುವವರಿಗೆ 8 ಜಿ.ಬಿ. ಹೇಗೋ ಸಾಲುತ್ತದೆ, 16 ಜಿ.ಬಿ. ನೆಮ್ಮದಿ ಕೊಡುತ್ತದೆ. ಚಿತ್ರಸಂಗೀತದ ಹಾದಿಯಲ್ಲಿ ವಯಲಿನ್ ಮೇಳ, ಕೊಂಬು, ಕೋರಸ್ ಎಲ್ಲವನ್ನೂ ಸ್ಯಾಂಪಲ್ ಲೈಬ್ರರಿಗಳಿಂದ, ಅಂದರೆ ಮೊದಲೇ ಮುದ್ರಿಸಿಟ್ಟ ಸ್ವರಗಳ ಸಂಗ್ರಹಗಳಿಂದ, ಕಟ್ಟುವವರ ಮಾತು ಬೇರೆ. ಕಾಂಟ್ಯಾಕ್ಟ್‌ನಂಥ ತಂತ್ರಾಂಶ ಪ್ರತಿ ಸ್ವರದ ಆರಂಭದ ತುಣುಕನ್ನು ರ‍್ಯಾಮ್‌ನಲ್ಲಿಟ್ಟುಕೊಂಡು ಉಳಿದದ್ದನ್ನು ಡಿಸ್ಕಿನಿಂದ ಓದುತ್ತದೆ. ವಾದ್ಯಗಳು ಹೆಚ್ಚಿದಂತೆ 32 ಜಿ.ಬಿ. ಕೂಡ ತುಂಬುತ್ತದೆ. ಇಂದಿನ ಮ್ಯಾಕ್‌ಬುಕ್‌ಗಳಲ್ಲಿ ಮತ್ತು ಅನೇಕ ತೆಳು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೆಸುಗೆ ಹಾಕಿರುವುದರಿಂದ ನಂತರ ಏರಿಸಲಾಗದು. ಕೊಳ್ಳುವ ದಿನವೇ ಮುಂದಿನ ಐದು ವರ್ಷಗಳ ಕೆಲಸವನ್ನು ಯೋಚಿಸಿ ನಿರ್ಧರಿಸಬೇಕು.

ಡಿಸ್ಕಿನ ಲೆಕ್ಕ ಜನ ಅಂಜುವಷ್ಟು ದೊಡ್ಡದಲ್ಲ. 24 ಬಿಟ್, 48,000ದ ದರದಲ್ಲಿ ಒಂದು ಮೈಕಿನ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 518 ಎಂ.ಬಿ. ಜಾಗ ಸಾಕು. ಭಾಗವತರು, ಚೆಂಡೆ, ಮದ್ದಳೆ, ಪಾತ್ರಧಾರಿಗಳ ಮಾತು ಎಲ್ಲಕ್ಕೂ ಸೇರಿ ಎಂಟು ಮೈಕ್ ಇಟ್ಟು ಮೂರು ಗಂಟೆಯ ಕಾಲಮಿತಿ ಯಕ್ಷಗಾನವನ್ನು ಮುದ್ರಿಸಿದರೂ ಹನ್ನೆರಡೂವರೆ ಜಿ.ಬಿ.ಯೊಳಗೆ ಮುಗಿಯುತ್ತದೆ. ಡಿಸ್ಕನ್ನು ತುಂಬುವುದು ಸ್ಯಾಂಪಲ್ ಲೈಬ್ರರಿಗಳು. ಒಂದೊಂದೇ ಹತ್ತಾರು ಜಿ.ಬಿ. ನುಂಗುತ್ತವೆ. ಒಳಗೆ 512 ಜಿ.ಬಿ.ಯ ಎಸ್.ಎಸ್.ಡಿ., ಲೈಬ್ರರಿಗಳಿಗೆ ಹೊರಗಿನ ಇನ್ನೊಂದು ಎಸ್.ಎಸ್.ಡಿ. ಇರುವುದು ಅನುಕೂಲ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಬ್ಯಾಕಪ್‌ಗೆ ಮಾತ್ರ ಸಾಕು; ಅದರ ಗುಂಯ್ ಸದ್ದು ಮೈಕಿನ ಹತ್ತಿರ ಬೇಡ.

ಕಿಂಡಿಗಳಲ್ಲಿ ಒಂದು ಗೊಂದಲ ಸಾಮಾನ್ಯ. ಟೈಪ್ ಸಿ ಎಂಬುದು ಕಿಂಡಿಯ ಆಕಾರ ಮಾತ್ರ, ಅದರೊಳಗೆ ಯು.ಎಸ್.ಬಿ. 2.0 ಇರಬಹುದು, ಥಂಡರ್‌ಬೋಲ್ಟ್ ಕೂಡ ಇರಬಹುದು. ಎರಡು ಅಥವಾ ನಾಲ್ಕು ಮೈಕಿನ ಇಂಟರ್‌ಫೇಸ್‌ಗಳಿಗೆ ಯು.ಎಸ್.ಬಿ. 2.0 ಧಾರಾಳ. ಥಂಡರ್‌ಬೋಲ್ಟ್ ಬೇಕಾಗುವುದು ಅದನ್ನೇ ಕೇಳುವ ದುಬಾರಿ ಇಂಟರ್‌ಫೇಸ್ ಕೊಳ್ಳುವವರಿಗೆ. ಇಂಟರ್‌ಫೇಸನ್ನು ಹಬ್‌ಗೆ ಸಿಕ್ಕಿಸದೆ ಲ್ಯಾಪ್‌ಟಾಪಿಗೇ ನೇರ ಜೋಡಿಸಬೇಕಾದ್ದರಿಂದ, ಮಿಡಿ ಕೀಬೋರ್ಡು, ಹೊರಗಿನ ಡಿಸ್ಕು, ಚಾರ್ಜರ್ ಎಲ್ಲಕ್ಕೂ ಕಿಂಡಿ ಉಳಿಯುತ್ತದೆಯೇ ಎಂದು ಎಣಿಸಿ ನೋಡಬೇಕು.

ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರಿನಲ್ಲಿ ಜುಯ್ ಎಂಬ ಸದ್ದು ಶುರುವಾಗುವುದು ನಮ್ಮ ಮನೆಗಳಲ್ಲಿ ಕಾಣುವ ತೊಂದರೆ. ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಬೇರೆ ಬೇರೆ ಸಾಕೆಟ್‌ಗಳ ಮೂಲಕ ಅರ್ಥಿಂಗ್ ಪಡೆದಾಗ ಅವುಗಳ ನಡುವೆ ಸುತ್ತು ಏರ್ಪಟ್ಟು 50 ಹರ್ಟ್ಸ್‌ನ ವಿದ್ಯುತ್ತು ಧ್ವನಿಯ ದಾರಿಗೆ ನುಗ್ಗುತ್ತದೆ. ಅರ್ಥಿಂಗೇ ಇಲ್ಲದ ಎರಡು ಪಿನ್ನಿನ ಚಾರ್ಜರ್‌ನಿಂದಲೂ ಬೇರೆ ಬಗೆಯ ಸೋರಿಕೆ ಸದ್ದು ಬರುವುದುಂಟು. ಎಲ್ಲವನ್ನೂ ಒಂದೇ ಸ್ವಿಚ್ ಬೋರ್ಡಿಗೆ ಜೋಡಿಸಿ ಬ್ಯಾಲೆನ್ಸ್ಡ್ ಕೇಬಲ್ ಬಳಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ನಿಲ್ಲುತ್ತದೆ. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವ ಪರಿಪಾಠ ಕೆಲವರಲ್ಲಿದೆ. ಅದು ಜೀವಕ್ಕೇ ಅಪಾಯ, ಎಂದೂ ಮಾಡಬಾರದು. ಮುದ್ರಣದ ಹೊತ್ತಿಗೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸುವುದು ಸುರಕ್ಷಿತ ಉಪಾಯ. ಹಾಡಿನ ನಡುವೆ ಕರೆಂಟು ಹೋದರೂ ಆಗ ಚಿಂತೆಯಿಲ್ಲ, ಏಕೆಂದರೆ ಸಣ್ಣ ಇಂಟರ್‌ಫೇಸ್‌ಗಳು ಯು.ಎಸ್.ಬಿ.ಯಿಂದಲೇ ವಿದ್ಯುತ್ ಪಡೆದು ಮೈಕಿಗೆ ಬೇಕಾದ 48 ವೋಲ್ಟನ್ನೂ ಒದಗಿಸುತ್ತವೆ. ಹೀಗಾಗಿ ಬ್ಯಾಟರಿ ಎಷ್ಟು ತಾಳುತ್ತದೆ, ಬ್ಯಾಟರಿಯಲ್ಲಿ ಓಡುವಾಗ ವೇಗ ಕುಸಿಯುತ್ತದೆಯೇ ಎಂಬುದನ್ನೂ ವಿಚಾರಿಸಬೇಕು.

ಈ ಎಲ್ಲಕ್ಕಿಂತ ಮೊದಲು ಮುದ್ರಣಕ್ಕೆ ಬಳಸುವ ತಂತ್ರಾಂಶ ನಿಶ್ಚಯವಾಗಿರಬೇಕು, ಅದರ ಬೆನ್ನಿಗೆ ಇಂಟರ್‌ಫೇಸ್, ಕೊನೆಯಲ್ಲಿ ಲ್ಯಾಪ್‌ಟಾಪ್. ಲಾಜಿಕ್ ಪ್ರೊ ಬೇಕೆಂದರೆ ಮ್ಯಾಕ್ ಅಲ್ಲದೆ ದಾರಿಯಿಲ್ಲ. ಅದನ್ನು ತಯಾರಿಸುತ್ತಿದ್ದ ಇಮ್ಯಾಜಿಕ್ ಕಂಪನಿಯನ್ನು 2002ರಲ್ಲಿ ಆಪಲ್ ಕೊಂಡ ಮೇಲೆ ವಿಂಡೋಸ್ ಆವೃತ್ತಿ ನಿಂತುಹೋಯಿತು. ಕ್ಯೂಬೇಸ್, ಏಬಲ್‌ಟನ್ ಲೈವ್, ಪ್ರೊ ಟೂಲ್ಸ್ ಎರಡರಲ್ಲೂ ಓಡುತ್ತವೆ, 2018ರಿಂದ ಎಫ್.ಎಲ್. ಸ್ಟುಡಿಯೋ ಕೂಡ. ಹಣ ಕಡಿಮೆ ಇರುವವರಿಗೆ ರೀಪರ್ ಒಳ್ಳೆಯ ಆಯ್ಕೆ. ಅದು ಹಗುರ, 60 ದಿನ ಬಳಸಿ ನೋಡಬಹುದು, ಲಿನಕ್ಸ್‌ನಲ್ಲೂ ಓಡುತ್ತದೆ. 2024ರಿಂದ ಬಂದಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ತಣ್ಣಗಿರುತ್ತವೆ, ಬ್ಯಾಟರಿಯೂ ಬಹಳ ಹೊತ್ತು ಬಾಳುತ್ತದೆ. ಆದರೆ ಹಳೆಯ ಡ್ರೈವರ್‌ಗಳು ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಇಂಟರ್‌ಫೇಸಿನ ತಯಾರಕರು ಆ ಚಿಪ್ಪಿಗೆಂದೇ ಡ್ರೈವರ್ ಕೊಟ್ಟಿದ್ದಾರೆಯೇ ಎಂದು ನೋಡಿಕೊಂಡೇ ಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಎಂ1 ಮ್ಯಾಕ್‌ಗಳು ಇಂದಿಗೂ ಕೊಟ್ಟ ಹಣಕ್ಕೆ ಮೋಸವಿಲ್ಲದವು. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ 2025ರ ಮ್ಯಾಕ್ಓಎಸ್ ಟಾಹೋ ಕೊನೆಯ ಆವೃತ್ತಿಯಾದ್ದರಿಂದ ಅವನ್ನು ತೀರಾ ಅಗ್ಗವಾದರೆ ಮಾತ್ರ ಪರಿಗಣಿಸಬಹುದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರುಗಳಿಂದ ಈಚೆಗಿನವನ್ನು. ಹಳೆಯ ಯಂತ್ರದಲ್ಲಿ ಫ್ಯಾನಿನ ಧೂಳು ತೆಗೆಸಿ ಬ್ಯಾಟರಿಯ ಆರೋಗ್ಯ ನೋಡುವುದನ್ನು ಮರೆಯಬಾರದು.

ಹೊಸದಿರಲಿ ಹಳೆಯದಿರಲಿ, ತಂದ ವಾರದಲ್ಲೇ ಪರೀಕ್ಷಿಸುವುದು ಲೇಸು. ಇಂಟರ್‌ಫೇಸ್ ಜೋಡಿಸಿ, ಬಫರನ್ನು 128ಕ್ಕೆ ಇಳಿಸಿ, ನಿಜವಾದ ಒಂದು ಹಾಡಿನ ಟ್ರ್ಯಾಕ್‌ಗಳನ್ನು ಪ್ಲಗಿನ್‌ಗಳ ಸಮೇತ ಒಂದು ಗಂಟೆ ಬಿಡದೆ ನುಡಿಸಬೇಕು; ಯಂತ್ರ ಬಿಸಿಯೇರಿದ ಮೇಲೂ ಚಟ್ ಸದ್ದು ಬರಬಾರದು. ಆಮೇಲೆ ಮೈಕನ್ನು ಹಾಡುವವರ ಜಾಗದಲ್ಲಿಟ್ಟು, ಯಾರೂ ಮಾತಾಡದೆ ಎರಡು ನಿಮಿಷ ಮುದ್ರಿಸಿ, ಒಮ್ಮೆ ಚಾರ್ಜರ್ ಇಟ್ಟು ಒಮ್ಮೆ ತೆಗೆದು, ಎರಡನ್ನೂ ಹೆಡ್‌ಫೋನಿನಲ್ಲಿ ಜೋರಾಗಿ ಕೇಳಬೇಕು.